ಸುಳ್ಳು ಹೇಳದೆ ದಾರಿ ತಪ್ಪಿಸುವವರು

ಪತ್ತೇದಾರಿ ಕಾದಂಬರಿಗಳ ಗೀಳು ಹತ್ತಿದವರಿಗೆ ಆಕ್ಸ್‌ಫರ್ಡ್‌ನ ಇನ್‌ಸ್ಪೆಕ್ಟರ್ ಮೋರ್ಸ್ ಹೊಸಬನಲ್ಲ. ಅವನ ಜತೆಗಾರ ಸಾರ್ಜೆಂಟ್ ಲೂಯಿಸ್. ಇಬ್ಬರಿಗೂ ಹೆಸರು ಸಿಕ್ಕಿದ್ದು ಒಂದೇ ಕಡೆ, ಲಂಡನ್ನಿನ ಭಾನುವಾರದ ಪತ್ರಿಕೆ ‘ದಿ ಅಬ್ಸರ್ವರ್’ನ ಪದಬಂಧ ಸ್ಪರ್ಧೆಯಲ್ಲಿ. ಕಾದಂಬರಿಕಾರ ಕಾಲಿನ್ ಡೆಕ್ಸ್‌ಟರ್ ಆ ಸ್ಪರ್ಧೆಯ ಕಾಯಂ ಗಿರಾಕಿ. ಅಲ್ಲಿ ತಮಗೆ ಸರಿಸಾಟಿಯಾಗಿದ್ದ ಬ್ಯಾಂಕರ್ ಸರ್ ಜೆರೆಮಿ ಮೋರ್ಸ್ ಹೆಸರನ್ನು ನಾಯಕನಿಗೆ ಇಟ್ಟರು. ‘ಮಿಸೆಸ್ ಬಿ. ಲೂಯಿಸ್’ ಎಂಬ ಗುಪ್ತನಾಮದಲ್ಲಿ ಭಾಗವಹಿಸುತ್ತಿದ್ದ ಮಹಿಳೆಯ ಹೆಸರು ಸಾರ್ಜೆಂಟ್‌ಗೆ ಹೋಯಿತು.

ಇದು ಪದಬಂಧ ಬಿಡಿಸುವ ಸ್ಪರ್ಧೆಯಷ್ಟೇ ಆಗಿದ್ದರೆ ಇಷ್ಟು ಹೆಸರು ಬರುತ್ತಿರಲಿಲ್ಲ. ಚೌಕ ತುಂಬುವುದು ಇಲ್ಲಿ ಪ್ರವೇಶಪತ್ರ ಮಾತ್ರ. ನಿಜವಾದ ಪೈಪೋಟಿ ಆಮೇಲೆ. ಎಲ್ಲರಿಗೂ ಒಂದೇ ಪದ. ಆ ಪದಕ್ಕೆ ಯಾರು ಚೆಂದದ ಸುಳಿವು ಬರೆಯುತ್ತಾರೋ ಅವರಿಗೆ ಬಹುಮಾನ.

ಈ ಪರಂಪರೆಗೆ ಶಿಸ್ತು ತಂದವರು ಡೆರಿಕ್ ಸಾಮರ್ಸೆಟ್ ಮ್ಯಾಕ್‌ನಟ್. ವೃತ್ತಿಯಲ್ಲಿ ಗ್ರೀಕ್, ಲ್ಯಾಟಿನ್ ಮೇಷ್ಟರು. ‘ಟಾರ್ಕ್ವೆಮಾಡ’ ಹೆಸರಿನಲ್ಲಿ ಅಬ್ಸರ್ವರ್‌ಗೆ ಪದಬಂಧ ರಚಿಸುತ್ತಿದ್ದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ 1939ರಲ್ಲಿ ತೀರಿಕೊಂಡಾಗ, ಮ್ಯಾಕ್‌ನಟ್ ‘ಕ್ಸಿಮೆನೀಸ್’ ಎಂಬ ಹೆಸರಿಟ್ಟುಕೊಂಡು ಆ ಜಾಗಕ್ಕೆ ಬಂದರು. 1972ರಲ್ಲಿ ಅವರ ಪೀಠವೇರಿದ ಜೊನಾಥನ್ ಕ್ರೌದರ್ ‘ಅಜೆಡ್’ ಆದರು. ಮೂರೂ ಹೆಸರು ಸ್ಪೇನಿನ ಧರ್ಮವಿಚಾರಣಾಧಿಕಾರಿಗಳವು, ಚಿತ್ರಹಿಂಸೆಗೆ ಕುಖ್ಯಾತರಾದವರವು! ಮೂರನೆಯದರಲ್ಲಿ ಮಾತ್ರ ಒಂದು ಕುಚೇಷ್ಟೆಯಿದೆ: ‘ಡೆಜ’ ಎಂಬ ಅಧಿಕಾರಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ‘ಅಜೆಡ್’.

ಇಂಥ ಪದಬಂಧದ ಗೂಢ ಸುಳಿವಿನಲ್ಲಿ ಎರಡೇ ಭಾಗ. ಒಂದು ತುದಿಯಲ್ಲಿ ಉತ್ತರದ ಅರ್ಥ, ಉಳಿದದ್ದು ಆ ಪದವನ್ನು ಅಕ್ಷರ ಜೋಡಿಸಿ ಕಟ್ಟುವ ಬಗೆ. ಇವೆರಡನ್ನು ಬಿಟ್ಟು ಒಂದು ಮಾತೂ ಹೆಚ್ಚಿರಕೂಡದು ಎಂಬುದು ಕ್ಸಿಮೆನೀಸ್ ಪಂಥದ ಕಟ್ಟಪ್ಪಣೆ. ಓದುಗನನ್ನು ದಾರಿ ತಪ್ಪಿಸಬಹುದು, ಅವನಿಗೆ ಸುಳ್ಳು ಹೇಳುವಂತಿಲ್ಲ. 1966ರಲ್ಲಿ ಬಂದ ಮ್ಯಾಕ್‌ನಟ್ ಅವರ ಪುಸ್ತಕ ಈ ನಿಯಮಗಳ ಕೈಪಿಡಿಯಾಗಿಯೇ ನಿಂತಿತು.

ಅರ್ಥವೂ ಕಟ್ಟುವ ಬಗೆಯೂ ಒಂದೇ ವಾಕ್ಯದಲ್ಲಿ ಕರಗಿಹೋದರೆ ಅದು ಈ ಕಲೆಯ ಶಿಖರ. ಇಂಗ್ಲಿಷಿನ ಪ್ರಸಿದ್ಧ ಉದಾಹರಣೆ: ‘ಐ ಆ್ಯಮ್ ಒನ್’ ಎಂಬುದರ ಸಂಕ್ಷಿಪ್ತ ರೂಪ ‘ಐಮ್ ಒನ್’, ಅದರ ಮುಂದೆ ‘ಇನ್ವಾಲ್ವ್ಡ್ ವಿತ್ ಕಾಸ್ಟ್’. ‘ನಾನು ವೆಚ್ಚದ ಗೋಜಿನಲ್ಲಿ ಇರುವವನು’ ಎಂದು ಇದರ ಅರ್ಥ. ‘ಐಮ್ ಒನ್’ ಮತ್ತು ‘ಕಾಸ್ಟ್’ ಪದಗಳ ಒಂಬತ್ತು ಅಕ್ಷರಗಳನ್ನು ಕಲಸಿದರೆ ‘ಎಕಾನಮಿಸ್ಟ್’. ವಾಕ್ಯ ವರ್ಣಿಸುತ್ತಿರುವುದೂ ಅವನನ್ನೇ!

ಕನಕದಾಸರ ಮುಂಡಿಗೆ ಬಿಡಿಸಿದ ನಾಡಿಗೆ ಹೊರಗೊಂದು ಅರ್ಥ, ಒಳಗೊಂದು ಅರ್ಥ ಎಂಬುದು ಅಪರಿಚಿತವಲ್ಲ. ಅ.ನಾ. ಪ್ರಹ್ಲಾದರಾವ್ ಅವರಂತೂ ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಸೇರಿದ್ದಾರೆ. ಆದರೂ ಪತ್ರಿಕೆಗಳ ಕನ್ನಡ ಪದಬಂಧ ಬಹುಮಟ್ಟಿಗೆ ಅರ್ಥ ಕೊಟ್ಟು ಪದ ಕೇಳುವಂಥದ್ದು. ಗೂಢ ಸುಳಿವು ಕನ್ನಡಕ್ಕೆ ಒಗ್ಗುತ್ತದೆಯೇ? ‘ತಲೆಮಾರು’ ಪದವನ್ನೇ ತೆಗೆದುಕೊಳ್ಳಿ. ತಲೆ, ಮಾರು ಎಂದು ಒಡೆದರೆ ಅರ್ಧ ಕೆಲಸ ಮುಗಿಯಿತು.

ಮೊದಲ ಕರಡು: ‘ಸಾಲಕ್ಕೆ ಹೆದರಿ ಶಿರವನ್ನು ವಿಕ್ರಯಿಸುವ ಪೀಳಿಗೆ (4)’. ಆವರಣದ ಅಂಕಿ ಉತ್ತರದ ಅಕ್ಷರಗಳ ಸಂಖ್ಯೆ. ಓದಲು ಸೊಗಸು, ಆದರೆ ತೀರ್ಪುಗಾರರ ಕೆಂಪು ಶಾಯಿ ಖಚಿತ. ಸಾಲಕ್ಕೂ ಉತ್ತರಕ್ಕೂ ಸಂಬಂಧವಿಲ್ಲ. ಅದು ಬರೀ ಅಲಂಕಾರ. ‘ವಿಕ್ರಯಿಸುವ’ ಎಂದರೆ ‘ಮಾರುವ’, ‘ಮಾರು’ ಅಲ್ಲ. ‘ಶಿರವನ್ನು’ ಎಂದರೆ ‘ತಲೆಯನ್ನು’, ‘ತಲೆ’ ಅಲ್ಲ. ಪದದ ಬಾಲಕ್ಕೆ ಅಂಟುವ ಪ್ರತ್ಯಯವೇ ಕನ್ನಡದಲ್ಲಿ ಸುಳಿವುಗಾರನ ಕಾಲ್ತೊಡಕು. ಅಕ್ಷರ ಕಲಸುವ ಆಟವೂ ಸುಲಭವಲ್ಲ. ಒಂದು ಮನೆಯಲ್ಲಿ ಕೂರುವುದು ಗುಣಿತ, ಒತ್ತು ಸಮೇತವಾದ ಇಡೀ ಅಕ್ಷರ. ‘ಲೆ’ಯನ್ನು ‘ಲ’ ಮಾಡುವಂತಿಲ್ಲ.

ಪ್ರತ್ಯಯಗಳನ್ನು ಕಳಚಿ ಇನ್ನೊಮ್ಮೆ: ‘ಶಿರ ವಿಕ್ರಯಿಸು, ಪೀಳಿಗೆ! (4)’. ಶಿರ ಅಂದರೆ ತಲೆ, ವಿಕ್ರಯಿಸು ಅಂದರೆ ಮಾರು, ಪೀಳಿಗೆ ಉತ್ತರದ ಅರ್ಥ. ಮೂರೇ ಪದ; ಒಂದನ್ನೂ ತೆಗೆಯಲಾಗದು. ನಿಯಮಕ್ಕೆ ಚ್ಯುತಿಯಿಲ್ಲ.

ಅಬ್ಸರ್ವರ್ ಸ್ಪರ್ಧೆಯಲ್ಲಿ ಇಷ್ಟಕ್ಕೇ ಕಪ್ ಸಿಗುತ್ತಿತ್ತು ಎನ್ನುವಂತಿಲ್ಲ. ಫಲಿತಾಂಶದ ಜತೆ ‘ಸ್ಲಿಪ್’ ಎಂಬ ಟಿಪ್ಪಣಿ ಬರುತ್ತಿತ್ತು. ಗೆದ್ದ ಸುಳಿವುಗಳನ್ನು ಅಚ್ಚು ಹಾಕಿ, ಉಳಿದವರು ಎಡವಿದ್ದು ಎಲ್ಲಿ ಎಂಬುದನ್ನೂ ಅಜೆಡ್ ಅದರಲ್ಲಿ ವಿವರಿಸುತ್ತಿದ್ದರು. ‘ತಲೆಮಾರು’ ಸುಳಿವನ್ನು ಅಂಥ ತೀರ್ಪುಗಾರರ ಮುಂದೆ ಇಟ್ಟರೆ, ನಿಯಮದ ಪರೀಕ್ಷೆ ಪಾಸಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಪೀಳಿಗೆಯೊಂದಕ್ಕೆ ಹಾಗೆ ಯಾರಾದರೂ ಹೇಳುತ್ತಾರೆಯೇ?