ಎಷ್ಟು ಕಾಲ ಇರಿಸಬೇಕು, ಯಾರು ಅಳಿಸಬೇಕು?

ನವಿಲುತೀರ್ಥದ ಅಣೆಕಟ್ಟಿನಿಂದ ಇಳಿದು ಬರುವ ಮಲಪ್ರಭೆಯ ನೆರೆಯನ್ನೂ, ಹುಬ್ಬಳ್ಳಿ ನವಲಗುಂದಗಳ ಕಡೆಯಿಂದ ಹರಿದು ಬಂದು ಅದೇ ನದಿಯನ್ನು ಕೂಡುವ ಬೆಣ್ಣಿಹಳ್ಳದ ರಭಸವನ್ನೂ ಕಂಡುಂಡ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸೀಮೆಯಲ್ಲಿ, ಮೆಣಸಗಿಯಂತಹ ಹೊಳೆದಂಡೆಯ ಗ್ರಾಮಗಳ ಜನರಿಗೆ, ಕಾಗದವು ಅಲ್ಪಾಯುವೆಂಬ ಸಂಗತಿಯನ್ನು ಯಾರೂ ಬೋಧಿಸಬೇಕಾಗಿಲ್ಲ. 2009ರ ಮಹಾಪೂರವೂ 2019ರ ಆಗಸ್ಟ್ ತಿಂಗಳಿನ ಪ್ರವಾಹವೂ ಮಲಪ್ರಭೆಯ ತೀರದಲ್ಲಿ ಮನೆ, ದನಕರು, ಪೈರುಗಳೊಡನೆ ಕಾಗದಪತ್ರಗಳನ್ನೂ ಬಾಧಿಸಿದವು. ನೀರು ಇಳಿದ ಮೇಲೆ ಪರಿಹಾರವನ್ನು ಯಾಚಿಸಲು ಹೊರಟ ರೈತನಿಗೆ ಮೊದಲು ಬೇಕಾದದ್ದು ಆ ಕಾಗದಗಳೇ: ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕು, ಸಾಲದ ಪಾವತಿ, ರೇಶನ್ ಕಾರ್ಡು.

ಇಂತಹ ನಾಡಿನಲ್ಲಿ ಊರ ಸಂಘದ ಕೀರ್ದಿ ಖಾತೆಗಳು ಗಣಕವನ್ನು ಸೇರಿ, ನದಿಯ ಕೈಗೆಟುಕದ ದೂರದ ಭವನವೊಂದರಲ್ಲಿ ನೆಲೆಗೊಳ್ಳುವುದು ಸ್ವಾಗತಾರ್ಹವೇ ಸರಿ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ಸಮ್ಮತಿಸಿದ ಯೋಜನೆಯ ಉದ್ದೇಶವು, ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು 2,516 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಂದು ಸಾಮಾನ್ಯ ತಂತ್ರಾಂಶದ ಅಡಿಗೆ ತರುವುದಾಗಿತ್ತು. 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಸಹಕಾರಿ ಪತ್ತಿನ ಸಂಘವನ್ನು ಕಂಡ ಗದಗ ಜಿಲ್ಲೆಗೆ ಇದು ಪರಕೀಯವಾದ ವಿಷಯವಲ್ಲ. ಆದರೆ ಸ್ಥಳವು ಬದಲಾದ ಮಾತ್ರಕ್ಕೆ ದಾಖಲೆಯ ವಿಧಿ ನಿರ್ಣಯವಾಗುವುದಿಲ್ಲ. ಗಣಕದಲ್ಲಿಟ್ಟ ಪತ್ರವು ಯಾರಿಗೂ ಬೇಡವಾದ ಮೇಲೂ ಹೋಗದೆ ಉಳಿಯಬಹುದು. ಬೇಕಾಗಿದ್ದಾಗಲೇ, ಯಾರ ಗಮನಕ್ಕೂ ಬಾರದಂತೆ, ಅಳಿದುಹೋಗಲೂಬಹುದು. ಯಾವ ದಾಖಲೆಯನ್ನು ಎಷ್ಟು ಕಾಲ ಇರಿಸತಕ್ಕದ್ದು, ಆ ಕಾಲವು ಎಂದಿನಿಂದ ಆರಂಭವಾಗತಕ್ಕದ್ದು, ಮುಗಿದ ಮೇಲೆ ಅಳಿಸುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಮುಂಚಿತವಾಗಿಯೇ ಲಿಖಿತವಾದ ಉತ್ತರವಿರಬೇಕೆಂಬುದೇ ಈ ಲೇಖನದ ವಾದ.

ಶಿಲೆ, ಕಡತ, ದಫ್ತರ

ಈ ವಿವೇಚನೆ ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಗಜೇಂದ್ರಗಡದ ಸಮೀಪದ ಸೂಡಿಯಲ್ಲಿಯೂ, ರೋಣದಲ್ಲಿಯೂ ಇಂದಿಗೂ ನಿಂತಿರುವ ಶಾಸನಗಳು ದಾನ, ದತ್ತಿ, ಮರ್ಯಾದೆಗಳಂತಹ ಆಚಂದ್ರಾರ್ಕವಾಗಿ ನಡೆಯಬೇಕಾದ ವ್ಯವಸ್ಥೆಗಳನ್ನು ಹೇಳುತ್ತವೆಯೇ ಹೊರತು, ಅಂಗಡಿಯ ದಿನದಿನದ ಕೊಡುಕೊಳ್ಳುವಿಕೆಯನ್ನು ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ. ನಿತ್ಯದ ಲೆಕ್ಕಕ್ಕೆ ಕಡತವಿತ್ತು: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಮಸಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಪುಸ್ತಕದಲ್ಲಿ ಬೇಡವಾದ ಬರಹವನ್ನು ಒರಸಿ, ಮತ್ತೆ ಮಸಿ ಬಳಿದು, ಹೊಸದನ್ನು ಬರೆಯಬಹುದಾಗಿತ್ತು. ಜೋಪಾನ ಮಾಡಿದರೆ ಅದು ಶತಮಾನಗಳನ್ನೂ ದಾಟಬಲ್ಲದೆಂಬುದಕ್ಕೆ ಶೃಂಗೇರಿ ಮಠದ ಕಡತಗಳೇ ಸಾಕ್ಷಿ. ಶಾಶ್ವತವಾದುದಕ್ಕೊಂದು, ತಾತ್ಕಾಲಿಕವಾದುದಕ್ಕೊಂದು ಎಂದು ಮಾಧ್ಯಮವನ್ನೇ ಬೇರೆಯಾಗಿಸಿದ್ದರಿಂದ, ಬರೆಯುವ ಕ್ಷಣದಲ್ಲಿಯೇ ಬರಹದ ಆಯುಷ್ಯದ ಅಂದಾಜು ನಿರ್ಧಾರವಾಗಿಬಿಡುತ್ತಿತ್ತು.

ರೋಣ, ನರಗುಂದಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಈ ಕೆಲಸವನ್ನು ಕಚೇರಿಯ ನಿಯಮವು ವಹಿಸಿಕೊಂಡಿತು. ಆ ಪ್ರಾಂತದ ಕಂದಾಯ ಕಚೇರಿಗಳ ಪದ್ಧತಿಯಲ್ಲಿ ಕಾಗದಗಳನ್ನು ಯಾದಿಗಳಾಗಿ ವಿಂಗಡಿಸಿ, ಕೆಲವನ್ನು ಶಾಶ್ವತವಾಗಿ, ಕೆಲವನ್ನು 30 ವರ್ಷ, ಕೆಲವನ್ನು 10 ವರ್ಷ ಇರಿಸಿ, ಕ್ಷುಲ್ಲಕವಾದುವನ್ನು ಒಂದೇ ವರ್ಷದಲ್ಲಿ ನಾಶಪಡಿಸುತ್ತಿದ್ದರು. ದಾಖಲೆಗಳ ನಾಶಕ್ಕೆಂದೇ 1917ರಲ್ಲಿ ಪ್ರತ್ಯೇಕವಾದೊಂದು ಕಾಯಿದೆ ಹುಟ್ಟಿತೆಂಬುದು, ಸುಡುವುದು ಸಹ ಆಡಳಿತದ ಕ್ರಮಬದ್ಧ ಕಾರ್ಯವೆಂದು ಆಗಲೇ ಗ್ರಹಿಸಲ್ಪಟ್ಟಿತ್ತೆಂಬುದರ ದ್ಯೋತಕ. ಆದರೆ ಹಳ್ಳಿಯ ಮಟ್ಟದಲ್ಲಿ ಒಂದು ದೋಷ ಬಹುಕಾಲ ಉಳಿದಿತ್ತು. ಕುಲಕರ್ಣಿಕೆ ವಂಶಪಾರಂಪರ್ಯವಾದ ವತನವಾಗಿದ್ದುದರಿಂದ, ಗ್ರಾಮದ ದಫ್ತರವು ಹೆಚ್ಚಾಗಿ ಕುಲಕರ್ಣಿಯ ಮನೆಯಲ್ಲಿಯೇ ಇರುತ್ತಿತ್ತು. ಊರಿನದು ಯಾವುದು, ಮನೆತನದ್ದು ಯಾವುದು ಎಂಬ ಗೆರೆ ಅಳಿಸಿಹೋಗುತ್ತಿತ್ತು. 1950ರ ಮುಂಬಯಿ ಕಾಯಿದೆಯಿಂದ ಆ ವತನಗಳು ರದ್ದಾಗಿ, ಸಂಬಳದ ತಲಾಟಿಯ ಕೈಗೆ ದಫ್ತರವು ಬಂದ ಮೇಲೆಯೇ ದಾಖಲೆಯು ವ್ಯಕ್ತಿಯದಲ್ಲ, ಹುದ್ದೆಯದು ಎಂಬ ತತ್ತ್ವ ಇಲ್ಲಿ ಸ್ಥಿರವಾಯಿತು.

ಕಾಯಿದೆ ಹೇಳುವ ವರ್ಷಗಳು

ಈಗ ಇದೇ ಸೀಮೆಯ ವ್ಯವಹಾರಸ್ಥರನ್ನು ನೋಡೋಣ. ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿಗಳನ್ನು ಕೊಂಡು ಮಾರುವ ಅಡತಿ ಅಂಗಡಿಯೊಂದು, ರೈತರೇ ಸೇರಿ ಕಟ್ಟಿದ ಉತ್ಪಾದಕ ಕಂಪನಿಯೊಂದು, ಸಾಲ ಕೊಡುವ ಸಹಕಾರ ಸಂಘವೊಂದು ಒಂದೇ ಬೀದಿಯಲ್ಲಿದ್ದರೂ, ಅವುಗಳ ದಾಖಲೆಗಳ ಆಯುಷ್ಯ ಒಂದೇ ಆಗಿರುವುದಿಲ್ಲ. ಕಂಪನಿಯಾದುದರಿಂದ ಉತ್ಪಾದಕರ ಸಂಸ್ಥೆಗೆ 2013ರ ಕಂಪನಿ ಕಾಯಿದೆ ಅನ್ವಯಿಸಿ, ಲೆಕ್ಕದ ಪುಸ್ತಕಗಳನ್ನೂ ಅವಕ್ಕೆ ಆಧಾರವಾದ ವೋಚರುಗಳನ್ನೂ ಹಿಂದಿನ 8 ಆರ್ಥಿಕ ವರ್ಷಗಳ ಮಟ್ಟಿಗೆ ಕಾಪಾಡಬೇಕಾಗುತ್ತದೆ. ಆ ಲೆಕ್ಕ ಗಣಕದಲ್ಲಿದ್ದರೆ, ಅದರ ಪ್ರತಿಯೊಂದು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನವೂ ಸೇರುತ್ತಿರಬೇಕು. 2023ರ ಏಪ್ರಿಲ್ 1ರಿಂದೀಚೆಗೆ, ಯಾವ ನಮೂದು ಯಾವಾಗ ತಿದ್ದಲ್ಪಟ್ಟಿತೆಂಬ ಜಾಡನ್ನು ತಂತ್ರಾಂಶವೇ ದಾಖಲಿಸಬೇಕು, ಆ ಜಾಡನ್ನು ಯಾರೂ ನಿಲ್ಲಿಸುವಂತಿರಬಾರದು.

ಜಿಎಸ್‌ಟಿ ನೋಂದಣಿಯುಳ್ಳ ಅಂಗಡಿಗೆ ಬೇರೆಯೇ ಲೆಕ್ಕ. ಅಲ್ಲಿ ಅವಧಿ 72 ತಿಂಗಳು; ಆದರೆ ಅದನ್ನು ಎಣಿಸಬೇಕಾದದ್ದು ಬಿಲ್ಲು ಹರಿದ ದಿನದಿಂದಲ್ಲ, ಆ ವರ್ಷದ ವಾರ್ಷಿಕ ವಿವರಪತ್ರವನ್ನು ಸಲ್ಲಿಸಬೇಕಾದ ಕೊನೆಯ ದಿನದಿಂದ. 2023ರ ಏಪ್ರಿಲ್ 1ರಂದು ಮಾಡಿದ ಮಾರಾಟದ ವಿವರಪತ್ರಕ್ಕೆ ನಿಯತ ಗಡುವು 2024ರ ಡಿಸೆಂಬರ್ 31. ಆದಕಾರಣ ಆ ಬಿಲ್ಲನ್ನು 2030ರ ಡಿಸೆಂಬರ್ 31ರವರೆಗೆ, ಅಂದರೆ ಏಳು ಮುಕ್ಕಾಲು ವರ್ಷ, ಇರಿಸಲೇಬೇಕು. ‘ಆರು ವರ್ಷ’ ಎಂದು ಬಾಯಿಲೆಕ್ಕ ಹಾಕಿ ಅಳಿಸಿದವನು ಸುಮಾರು ಎರಡು ವರ್ಷ ಮೊದಲೇ ತನ್ನ ಸಾಕ್ಷ್ಯವನ್ನು ಕಳೆದುಕೊಂಡಿರುತ್ತಾನೆ. ಅಷ್ಟರೊಳಗೆ ಅಪೀಲೋ ವಿಚಾರಣೆಯೋ ಎದ್ದಿದ್ದರೆ, ಅದು ಇತ್ಯರ್ಥವಾಗಿ ಒಂದು ವರ್ಷ ಕಳೆಯುವವರೆಗೂ ಸಂಬಂಧಪಟ್ಟ ಕಾಗದವನ್ನು ಮುಟ್ಟುವಂತಿಲ್ಲ. ಅಡವಿನ ಸಾಲವನ್ನು ವಸೂಲು ಮಾಡಲು ದಾವೆ ಹೂಡುವುದಕ್ಕೆ 1963ರ ಕಾಲಮಿತಿ ಕಾಯಿದೆ 12 ವರ್ಷಗಳನ್ನು ಕೊಡುತ್ತದಾದ್ದರಿಂದ, ತೆರಿಗೆಯ ಗಡುವನ್ನೇ ಅಳತೆಗೋಲಾಗಿಸಿ ಅಡವಿನ ಪತ್ರವನ್ನು ಅಳೆಯುವುದೂ ಅವಿವೇಕ.

ಎಣಿಕೆ ಎಂದಿನಿಂದ?

ವರ್ಷಗಳ ಸಂಖ್ಯೆಗಿಂತ ಆರಂಭದ ದಿನವೇ ಮುಖ್ಯವೆಂಬುದಕ್ಕೆ ಸಾಲಮನ್ನಾದ ಇತಿಹಾಸದಷ್ಟು ಉತ್ತಮವಾದ ನಿದರ್ಶನ ಮತ್ತೊಂದಿಲ್ಲ. 2008ರ ಕೇಂದ್ರ ಸಾಲಮನ್ನಾ ಯೋಜನೆಯು 1997ರ ಏಪ್ರಿಲ್ 1ರಿಂದ 2007ರ ಮಾರ್ಚ್ 31ರವರೆಗೆ ವಿತರಣೆಯಾಗಿ, 2007ರ ಡಿಸೆಂಬರ್ 31ಕ್ಕೆ ಕಟಬಾಕಿಯಾಗಿದ್ದ ಕೃಷಿಸಾಲಗಳಿಗೆ ಅನ್ವಯಿಸಿತು. ಹತ್ತು ವರ್ಷಗಳ ಹಿಂದಿನ ಸಾಲದ ಅರ್ಜಿ, ಮಂಜೂರಿ, ಖಾತೆಯ ಪುಟ ಇವೆಲ್ಲ ಏಕಾಏಕಿ ಅತ್ಯಗತ್ಯವಾದವು. ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲದೆ, ಸಲ್ಲಬಾರದವರಿಗೆ ಸಂದ ಪ್ರಸಂಗಗಳನ್ನೂ, ದಾಖಲೆಗಳನ್ನು ತಿದ್ದಿದ ಉದಾಹರಣೆಗಳನ್ನೂ ಮಹಾಲೇಖಪಾಲರ 2013ರ ವರದಿಯು ಎತ್ತಿ ತೋರಿಸಿತು. ಬರೆದ ದಿನದಿಂದ ಎಂಟು ವರ್ಷವೆಂಬ ಕುರುಡು ನಿಯಮವನ್ನು ಪಾಲಿಸಿದ ಸಂಘವೊಂದಿದ್ದಿದ್ದರೆ, 1997ರ ಸಾಲಗಾರನ ಕಡತವು 2005ರಲ್ಲಿಯೇ ಬೂದಿಯಾಗಿ, ಮೂರು ವರ್ಷಗಳ ಬಳಿಕ ಬಂದ ಪರಿಹಾರಕ್ಕೆ ಅವನು ನಿರಾಧಾರನಾಗಿ ನಿಲ್ಲಬೇಕಾಗುತ್ತಿತ್ತು.

ಆದ್ದರಿಂದ ಸಾಲದ ಕಡತದ ಆಯುಷ್ಯವು ಸಾಲ ಕೊಟ್ಟ ದಿನದಿಂದಲ್ಲ, ಸಾಲ ತೀರಿದ ದಿನದಿಂದ ಆರಂಭವಾಗಬೇಕು. ಅದೂ ಹಣ ಕಟ್ಟಿದ ದಿನವಲ್ಲ, ಬೇಬಾಕಿ ಪತ್ರವನ್ನು ಕೊಟ್ಟು, ಉತಾರದ ಮೇಲಿನ ಬೋಜಾ ಇಳಿದ ದಿನ. ಸಂಘವೊಂದರ ನಿಯಮಪಟ್ಟಿಯಲ್ಲಿ ಬೆಳೆಸಾಲದ ಒಂದು ಸಾಲು ಹೀಗಿರಬಹುದು: ದಾಖಲೆಯ ಹೆಸರು – ಬೆಳೆಸಾಲದ ಕಡತ; ಎಣಿಕೆಯ ಆರಂಭ – ಬೋಜಾ ಇಳಿದ ದಿನ; ಅವಧಿ – ಆಡಳಿತ ಮಂಡಳಿಯು ಕಾನೂನಿನ ಕನಿಷ್ಠಕ್ಕೆ ಕಡಿಮೆಯಾಗದಂತೆ ಗೊತ್ತುಮಾಡಿದಷ್ಟು; ತಡೆ – ದಾವೆ, ಲೆಕ್ಕಪರಿಶೋಧನೆಯ ಆಕ್ಷೇಪ, ಸಾಲಮನ್ನಾ ಘೋಷಣೆ; ಅಳಿಸುವವರು – ಠರಾವಿನ ಮೇರೆಗೆ ಕಾರ್ಯದರ್ಶಿ. ಇಂತಹ ಇಪ್ಪತ್ತೋ ಮೂವತ್ತೋ ಸಾಲುಗಳಿದ್ದರೆ ಹಳ್ಳಿಯ ಸಂಘದ ಸಮಸ್ತ ವ್ಯವಹಾರವೂ ಅಡಕವಾಗುತ್ತದೆ. ಠರಾವು ಪುಸ್ತಕ, ಸದಸ್ಯರ ನೋಂದಣಿ, ಬೈಲಾ ಇವು ಶಾಶ್ವತ. ನೋಟೀಸು, ಜ್ಞಾಪನ, ಸಭೆಯ ಚಹಾದ ಬಿಲ್ಲುಗಳು ಲೆಕ್ಕಪರಿಶೋಧನೆಯ ಅಗತ್ಯ ತೀರಿದ ಮೇಲೆ ಹೋಗತಕ್ಕವು.

ತಾನಾಗಿ ಅಳಿಯುವುದು, ಅಳಿಸಿದರೂ ಉಳಿಯುವುದು

ಪಟ್ಟಿ ಸಿದ್ಧವಾದ ಮೇಲೆ ಅಂತರ್ಜಾಲದ ಸಂಗ್ರಹದ ಸ್ವಭಾವವನ್ನು ಅರಿಯಬೇಕಾಗುತ್ತದೆ. ಗೂಗಲ್ ಡ್ರೈವ್‌ನಲ್ಲಿ ಕಸದಬುಟ್ಟಿಗೆ ಹಾಕಿದ ಕಡತವು 30 ದಿನಗಳ ಬಳಿಕ ತಾನಾಗಿಯೇ ನಾಶವಾಗುತ್ತದೆ; ಮೈಕ್ರೋಸಾಫ್ಟಿನ ಶೇರ್‌ಪಾಯಿಂಟಿನಲ್ಲಿ ಆ ಗಡುವು 93 ದಿನ. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಗೂಗಲ್ ಖಾತೆಯನ್ನು ಆ ಕಂಪನಿಯು ಅದರೊಳಗಿನ ಸಮಸ್ತದೊಡನೆ ಅಳಿಸಬಹುದು. ಸಂಘದ ಕಾಗದಗಳನ್ನು ಸ್ಕ್ಯಾನ್ ಮಾಡಿ ತನ್ನ ಸ್ವಂತ ಜಿಮೇಲಿನಲ್ಲಿ ಇಟ್ಟುಕೊಂಡ ಕಾರ್ಯದರ್ಶಿಯೊಬ್ಬನು ನಿವೃತ್ತನಾದರೆ, ದಫ್ತರವು ಮತ್ತೆ ಕುಲಕರ್ಣಿಯ ಮನೆಗೇ ಹೋದಂತಾಯಿತು. ಆ ಮನೆಗಾದರೂ ಹೋಗಿ ಬಾಗಿಲು ತಟ್ಟಬಹುದಾಗಿತ್ತು, ಮರೆತ ಪಾಸ್‌ವರ್ಡಿಗೆ ಆ ಸೌಕರ್ಯವೂ ಇಲ್ಲ. ಆದಕಾರಣ ಖಾತೆಯು ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು, ಅದರ ಕೀಲಿ ಇಬ್ಬರ ಬಳಿಯಾದರೂ ಇರಬೇಕು.

ವಾಣಿಜ್ಯ ಬಳಕೆಯ ಸೇವೆಗಳಲ್ಲಿ ಅವಧಿಯನ್ನು ನಿಯಮವಾಗಿ ಬರೆದಿಡುವ ಸೌಲಭ್ಯವಿದೆ: ಅವಧಿ ಮುಗಿಯುವವರೆಗೆ ಅಳಿಸದಂತೆ ತಡೆಯುವುದು, ಮುಗಿದ ಮೇಲೆ ತಾನೇ ಅಳಿಸುವುದು, ದಾವೆಯಿದ್ದಾಗ ಅಳಿಸುವುದನ್ನು ಸ್ಥಗಿತಗೊಳಿಸುವುದು. ಆದರೆ ನಿಯಮವನ್ನು ಅವಸರದಲ್ಲಿ ತಪ್ಪಾಗಿ ಬರೆದರೆ, ಅವಧಿ ಮೀರಿದ ಹಳೆಯ ದಾಖಲೆಗಳೆಲ್ಲ ಕೂಡಲೇ ಮರಳಿ ಬಾರದಂತೆ ಹೋಗಬಹುದಾದ್ದರಿಂದ, ಮೊದಲು ಅಲ್ಪ ಪ್ರಮಾಣದ ಕಡತಗಳ ಮೇಲೆ ಪ್ರಯೋಗಿಸಿ ನೋಡುವುದು ಕ್ಷೇಮ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಮುಖ್ಯ ಸಂಗ್ರಹದಿಂದ ಅಳಿಸಿದ ಆಧಾರ್ ನಕಲು ಬ್ಯಾಕಪ್ಪಿನಲ್ಲಿ, ಗುಮಾಸ್ತನ ಪೆನ್‌ಡ್ರೈವಿನಲ್ಲಿ, ವಾಟ್ಸ್ಯಾಪ್ ಗುಂಪಿನಲ್ಲಿ ಉಳಿದುಕೊಂಡಿದ್ದರೆ ಅಳಿಸಿದ್ದು ವ್ಯರ್ಥ. ನಿಯಮಪಟ್ಟಿಯು ಪ್ರತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇರಿಸುವುದಕ್ಕೆ ಖರ್ಚಿಲ್ಲ, ಎಲ್ಲವನ್ನೂ ಇಟ್ಟರಾಯಿತು ಎಂಬ ವಾದವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಒಪ್ಪುವುದಿಲ್ಲ. ಉದ್ದೇಶವು ತೀರಿದ ಮೇಲೆ, ಬೇರೊಂದು ಕಾನೂನು ಇರಿಸಬೇಕೆಂದು ವಿಧಿಸದ ಪಕ್ಷದಲ್ಲಿ, ವ್ಯಕ್ತಿಯ ಮಾಹಿತಿಯನ್ನು ಅಳಿಸುವುದು ಸಂಸ್ಥೆಯ ಹೊಣೆಯೆಂದು ಅದು ಸಾರುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವಾಗಿವೆ. ಹೆಬ್ಬೆಟ್ಟಿನ ಗುರುತು, ಬ್ಯಾಂಕಿನ ಸಂಖ್ಯೆ, ಉತಾರ ಇವೆಲ್ಲ ಒಂದೆಡೆ ಕೂಡಿರುವ ಸಾಲದ ಕಡತವು ವಂಚಕನ ಕೈಸೇರಿದರೆ ಆಗುವ ಅನಾಹುತವನ್ನು ಎಣಿಸಿದಾಗ, ಇದು ಪೇಟೆಯ ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಧಿಯೆಂದು ಯಾರೂ ಹೇಳಲಾರರು.

ಹಾಗಾದರೆ ಮೊದಲ ಹೆಜ್ಜೆ ತಂತ್ರಾಂಶದ್ದಲ್ಲ, ಸಭೆಯದು. ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ವಿಚಾರಿಸಿ ಪಟ್ಟಿಯನ್ನು ಬರೆದು, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ವಾರ್ಷಿಕ ಸಭೆಯಲ್ಲಿ ಸದಸ್ಯರಿಗೆ ಓದಿ ಹೇಳಿದ ಮೇಲೆಯೇ ಗಣಕಕ್ಕೆ ಆಜ್ಞೆ ಕೊಡುವುದು ಯುಕ್ತ. ವರ್ಷಕ್ಕೊಮ್ಮೆ ಅವಧಿ ಮುಗಿದ ಕಡತಗಳ ಯಾದಿಯನ್ನು ಮಂಡಳಿಯ ಮುಂದಿಟ್ಟು, ತಡೆಯುಳ್ಳವನ್ನು ಬಿಟ್ಟು, ಉಳಿದವನ್ನು ಅಳಿಸಿ, ಏನನ್ನು, ಎಂದು, ಯಾವ ನಿಯಮದ ಮೇರೆಗೆ, ಯಾರ ಸಹಿಯಿಂದ ಅಳಿಸಲಾಯಿತೆಂಬುದನ್ನು ಒಂದು ವಹಿಯಲ್ಲಿ ಬರೆಯಬೇಕು. ಆ ವಹಿಗೆ ಮಾತ್ರ ಅವಧಿಯಿಲ್ಲ; ನಾಳೆ ರೈತನೊಬ್ಬನು ತನ್ನ ಕಾಗದ ಏನಾಯಿತೆಂದು ಕೇಳಿದಾಗ, ಸಂಘವು ಅದನ್ನು ಕಳೆಯಲಿಲ್ಲ, ಕ್ರಮಪ್ರಕಾರ ತೆಗೆಯಿತು ಎಂಬುದಕ್ಕೆ ಉಳಿಯುವ ಪುರಾವೆ ಅದೊಂದೇ.