ಒಂದು ಮಗುವಿನ ತುತ್ತು, ಇಡೀ ತರಗತಿಯ ಬುತ್ತಿ



ರಾಯದುರ್ಗ, ಮಡಕಶಿರಾ ಕಡೆಯವರಿಗೆ ಶೇಂಗಾ ಎಂದರೆ ಹೊಲ, ಮಳೆ, ಸಾಲ, ಮಗಳ ಮದುವೆ ಎಲ್ಲವೂ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮನೆಗಳಲ್ಲಿ ಶೇಂಗಾ ಚಟ್ನಿ ಇಲ್ಲದ ರೊಟ್ಟಿ ಗಂಟಲಿಗಿಳಿಯುವುದಿಲ್ಲ. ಇಂಥ ಶೇಂಗಾವನ್ನು ಶಾಲೆಯೊಳಗೆ ತರಲೇಬಾರದು ಎಂದು ಯಾರಾದರೂ ಫಲಕ ಹಾಕಿದರೆ ನಾವು ನಕ್ಕುಬಿಟ್ಟೇವು. ಆದರೆ ಅಮೆರಿಕ, ಕೆನಡಾ, ಬ್ರಿಟನ್ನಿನ ಎಷ್ಟೋ ಶಾಲೆಗಳಲ್ಲಿ ಇಂಥ ನಿಯಮವುಂಟು. ಅದರ ಹಿಂದೆ ಮಕ್ಕಳ ಸಾವಿನ ಭಯವಿದೆ. ಅದನ್ನು ವಿರೋಧಿಸುವವರಿಗೂ ಒಂದು ನ್ಯಾಯವಿದೆ. ಇವತ್ತಿನ ಮಾತು ಅದರ ಬಗ್ಗೆ.

‘ಅಲರ್ಜಿ’ ಎಂಬ ಶಬ್ದವನ್ನು ವಿಯೆನ್ನಾದ ವೈದ್ಯ ಫಾನ್ ಪಿರ್ಕೆ 1906ರಲ್ಲಿ ಬಳಕೆಗೆ ತಂದರು. ನಮ್ಮಲ್ಲಿ ‘ಅದು ನನಗೆ ಒಗ್ಗುವುದಿಲ್ಲ’ ಎಂದು ಬಹಳ ಸಲೀಸಾಗಿ ಹೇಳುತ್ತೇವೆ. ಬದನೆಕಾಯಿ ತಿಂದರೆ ತುರಿಕೆ, ಹಾಲು ಕುಡಿದರೆ ಹೊಟ್ಟೆಯುಬ್ಬರ, ಎಲ್ಲಕ್ಕೂ ಅದೇ ಮಾತು. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬುವುದು ಅಲರ್ಜಿಯಲ್ಲ. ನಿಜವಾದ ಅಲರ್ಜಿಯಲ್ಲಿ ಮೈಯ ಕಾವಲು ವ್ಯವಸ್ಥೆಯೇ ಎಡವುತ್ತದೆ. ಶೇಂಗಾದ, ಮೊಟ್ಟೆಯ ಅಥವಾ ಮೀನಿನ ಪ್ರೋಟೀನನ್ನು ಶತ್ರುವೆಂದು ತಿಳಿದು, ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಸುತ್ತದೆ. ಬಹಳ ಸಲ ಬರೀ ದದ್ದು, ತುರಿಕೆ, ವಾಂತಿಯಲ್ಲಿ ಮುಗಿಯುತ್ತದೆ. ಕೆಲವು ಸಲ ನಾಲಿಗೆ ಗಂಟಲು ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು, ಹತ್ತಿಪ್ಪತ್ತು ನಿಮಿಷದೊಳಗೇ ಜೀವಕ್ಕೆ ಬರುತ್ತದೆ. ಈ ಎರಡನೆಯದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸಬ್ರಿನಾ ಎಂಬ ಹುಡುಗಿಯಿದ್ದಳು. ಶೇಂಗಾ, ಸೋಯಾ, ಹಾಲಿನ ಪದಾರ್ಥ ಅವಳಿಗೆ ಆಗುತ್ತಿರಲಿಲ್ಲ. ಹತ್ತರ ವಯಸ್ಸಿನಲ್ಲೇ ಅಲ್ಲಿನ ರೇಡಿಯೋದಲ್ಲಿ ತನ್ನ ಅಲರ್ಜಿಯ ಕುರಿತು ತಾನೇ ಮಾತನಾಡಿದ್ದಳು. 2003ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಶಾಲೆಯ ಉಪಾಹಾರಗೃಹದಲ್ಲಿ ಕರಿದ ಆಲೂಗಡ್ಡೆ ತಿಂದಳು. ಅದನ್ನು ಬಡಿಸಿದ ಇಕ್ಕಳ ಚೀಸನ್ನೂ ಮುಟ್ಟಿತ್ತೆಂದು ಆಮೇಲೆ ಊಹಿಸಲಾಯಿತು. ಹುಡುಗಿ ಉಳಿಯಲಿಲ್ಲ. ಅವಳ ಹೆಸರಿನ ಕಾನೂನು 2006ರ ಜನವರಿ 1ರಿಂದ ಒಂಟಾರಿಯೊದಲ್ಲಿ ಜಾರಿಗೆ ಬಂತು.

ಈ ಕಾನೂನು ಯಾವ ತಿಂಡಿಯನ್ನೂ ಹೆಸರಿಟ್ಟು ನಿಷೇಧಿಸಲಿಲ್ಲ, ಗಮನಿಸಿ. ಅಪಾಯವಿರುವ ಪ್ರತಿ ಮಗುವಿಗೂ ಪ್ರತ್ಯೇಕ ಯೋಜನೆ ಇರಬೇಕು, ಸಿಬ್ಬಂದಿಗೆ ಆಗಾಗ ತರಬೇತಿ ಕೊಡಬೇಕು, ಔಷಧ ಎಲ್ಲಿದೆ ಎಂದು ಗೊತ್ತಿರಬೇಕು ಎಂದಿತು. ತುರ್ತಿನಲ್ಲಿ ಸದುದ್ದೇಶದಿಂದ ಚುಚ್ಚುಮದ್ದು ಕೊಟ್ಟ ಶಿಕ್ಷಕರ ಮೇಲೆ ಪರಿಹಾರದ ದಾವೆ ನಡೆಯದು ಎಂದೂ ಹೇಳಿತು. ‘ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ತಲೆಗೆ ಬಂದೀತು’ ಎಂದು ಕೈಕಟ್ಟಿ ನಿಲ್ಲುವ ಮನುಷ್ಯ ಸ್ವಭಾವ ಎಲ್ಲ ದೇಶಗಳಲ್ಲೂ ಒಂದೇ.

ಆದರೆ ಭಯಕ್ಕೆ ಇಷ್ಟು ಸಾಲದು. ಅನೇಕ ಶಾಲೆಗಳು ಮನೆಯಿಂದ ಶೇಂಗಾ ತರುವುದನ್ನೇ ನಿಲ್ಲಿಸಿದವು. ಆಗ ಇತರ ತಾಯ್ತಂದೆಯರು ಕೇಳಿದರು: ನನ್ನ ಮಗ ಬೇರೆ ಏನನ್ನೂ ಸರಿಯಾಗಿ ತಿನ್ನುವುದಿಲ್ಲ, ಅಗ್ಗದಲ್ಲಿ ಹೊಟ್ಟೆ ತುಂಬುವುದು ಇದೊಂದೇ, ನಾನೇನು ಮಾಡಲಿ? ಇವತ್ತು ಶೇಂಗಾ, ನಾಳೆ ಹಾಲು ಮೊಟ್ಟೆ ಗೋಧಿಯೇ? ಇತ್ತ ಅಲರ್ಜಿಯಿರುವ ಮಗುವಿನ ತಾಯಿ ಕೇಳಿದಳು: ನಿಮ್ಮದು ಒಂದು ಹೊತ್ತಿನ ರುಚಿ, ನನ್ನದು ಮಗು. ನನ್ನ ಮಗಳೊಬ್ಬಳೇ ಮೂಲೆಯಲ್ಲಿ ಕುಳಿತು ಉಣ್ಣಬೇಕೆ? ಇವೆರಡರಲ್ಲಿ ಯಾವುದನ್ನೂ ಸಣ್ಣ ಮಾತು ಎಂದು ತಳ್ಳಿಹಾಕಲು ನನಗಾಗುವುದಿಲ್ಲ. ಜಾತಿಯ ಹೆಸರಿನಲ್ಲಿ ಬೇರೆ ಪಂಕ್ತಿ ಹಾಕಿದ್ದನ್ನು ಕಂಡ ನಮಗೆ, ಊಟದಲ್ಲಿ ಒಬ್ಬರನ್ನು ದೂರ ಕೂರಿಸಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಜಗಳವನ್ನು ಸ್ವಲ್ಪ ಬಿಡಿಸುವುದು ಅನುಭವದ ಲೆಕ್ಕ. ಶೇಂಗಾದ ತೀವ್ರ ಅಲರ್ಜಿಯಿದ್ದ 30 ಮಕ್ಕಳಿಗೆ ವೈದ್ಯರು ತಮ್ಮ ಸಮಕ್ಷಮದಲ್ಲೇ ಶೇಂಗಾ ಬೆಣ್ಣೆಯನ್ನು ಮೂಸಲು ಕೊಟ್ಟರು, ಚರ್ಮಕ್ಕೂ ತಾಗಿಸಿದರು. 2003ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಯಾರಿಗೂ ಮೈಯೆಲ್ಲ ಹರಡುವ ತೀವ್ರ ತೊಂದರೆಯಾಗಲಿಲ್ಲ. ಅಪಾಯವಿರುವುದು ಬಾಯೊಳಗೆ ಹೋಗುವ ತುತ್ತಿನಲ್ಲಿ. ಇನ್ನೊಂದು ಪ್ರಯೋಗದಲ್ಲಿ ಶೇಂಗಾ ಬೆಣ್ಣೆ ಸವರಿದ ಕೈಗಳನ್ನು ಸೋಪು ಹಾಕಿ ತೊಳೆದಾಗ ಏನೂ ಉಳಿಯಲಿಲ್ಲ. ಬರೀ ನೀರಿನಲ್ಲಿ ತೊಳೆದ ಕೆಲವು ಕೈಗಳಲ್ಲೂ, ಸ್ಯಾನಿಟೈಸರ್ ಹಚ್ಚಿದ ಇನ್ನೂ ಹೆಚ್ಚು ಕೈಗಳಲ್ಲೂ ಅಂಶ ಉಳಿದಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ಶಾಲೆಗಳ ಲೆಕ್ಕ 2017ರಲ್ಲಿ ಹೊರಬಂತು. ಮನೆಯಿಂದ ಶೇಂಗಾ ತರಬಾರದೆಂದ ಶಾಲೆಗಳಲ್ಲೂ ಅಂಥ ನಿಯಮವಿಲ್ಲದ ಶಾಲೆಗಳಲ್ಲೂ ತುರ್ತು ಚುಚ್ಚುಮದ್ದಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶೇಂಗಾ ಇಲ್ಲದ ಪ್ರತ್ಯೇಕ ಮೇಜು ಇಟ್ಟಲ್ಲಿ ಪ್ರಮಾಣ ಕಡಿಮೆಯಿತ್ತು. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೊಂದು ಇಡೀ ಶಾಲೆಗೆ ನಿಷೇಧ ಹಾಕುವ ಬದಲು ಸಿಬ್ಬಂದಿಗೆ ತರಬೇತಿ ಕೊಡಿ, ಶಾಲೆಯಲ್ಲೇ ಅಡ್ರಿನಲಿನ್ ಇಡಿ ಎಂದು ಸಲಹೆ ಮಾಡಿತು. ಫಲಕ ಹಾಕಿ ನಿಶ್ಚಿಂತೆಯಾದ ಶಾಲೆಗಿಂತ, ಫಲಕವಿಲ್ಲದೆ ಎಚ್ಚರವಾಗಿರುವ ಶಾಲೆ ವಾಸಿ ಎಂದು ನನಗನ್ನಿಸುತ್ತದೆ. ಮೇಜಿನ ಮಾತಿದ್ದರೆ, ಗೆಳತಿಯರೂ ಅಲ್ಲೇ ಕುಳಿತು ಉಣ್ಣುವಂತಿರಬೇಕು.

ನಮ್ಮ ಶಾಲೆಗಳಿಗೆ ಬರೋಣ. ಇಲ್ಲಿ ಬುತ್ತಿಗಿಂತ ಬಿಸಿಯೂಟದ ಹಂಡೆ ದೊಡ್ಡದು. ಆಂಧ್ರದ ಸರಕಾರಿ ಶಾಲೆಗಳ ಊಟಕ್ಕೆ 2020ರಿಂದ ಶೇಂಗಾ ಚಿಕ್ಕಿಯೂ ಸೇರಿತು. ಅಪೌಷ್ಟಿಕತೆ ಇರುವ ನಾಡಿನಲ್ಲಿ ಅದನ್ನು ತೆಗೆದುಹಾಕಿ ಎನ್ನುವುದು ಅವಿವೇಕ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರೂ ಸೇರಿ ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆ. ಹಳಸಿದ ಸಾಂಬಾರು ಅದರಿಂದ ಸಿಕ್ಕಿಬೀಳುತ್ತದೆ, ಅಲರ್ಜಿ ಸಿಕ್ಕಿಬೀಳುವುದಿಲ್ಲ. ನೂರು ಮಂದಿಗೆ ಅಮೃತವಾದ ಅನ್ನವೇ ನೂರೊಂದನೆಯವನಿಗೆ ವಿಷ. ಒಂದೇ ಸೌಟು ಮೊಟ್ಟೆ ಸಾರಿಗೂ ಬೇಳೆ ಸಾರಿಗೂ ಓಡಾಡಿದರೆ ಕೆನಡಾದ ಆ ಇಕ್ಕಳದ ಕಥೆಯೇ. ಕರ್ನಾಟಕದಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡುಂಟು. ಮನೆತನದ ಪದ್ಧತಿಗಾಗಿ ತೆರೆದ ಆ ಬಾಗಿಲನ್ನು ಅಲರ್ಜಿಯ ಮಗುವಿಗೂ ಕೇಳಿ ಪಡೆಯಬಹುದು.

ಹಾಗೆಂದು ಸುಮ್ಮನೆ ಹೆದರಿ ಮಗುವಿನ ತಟ್ಟೆ ಬರಿದು ಮಾಡಬೇಡಿ. ಬೆಂಗಳೂರು, ಮೈಸೂರು ಕಡೆಯ ವಯಸ್ಕರ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಸ್ಪಂದಿಸಿದವರು ನೂರಕ್ಕೆ 26 ಮಂದಿ. ಲಕ್ಷಣವೂ ಕೂಡಿ ನಿಜವಾದ ಅಲರ್ಜಿ ಇರಬಹುದೆಂದು ಕಂಡವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೇ. ಕಾಗದದ ಮೇಲಿನ ಪರೀಕ್ಷೆಯನ್ನು ನೋಡಿ ಹತ್ತು ಪದಾರ್ಥ ಬಿಡಿಸುವ ಮೊದಲು, ತಿಂದಾಗ ನಿಜವಾಗಿ ಏನಾಯಿತು ಎಂಬುದನ್ನು ಬಲ್ಲ ವೈದ್ಯರ ಮುಂದೆ ಹೇಳಿ.

ಗಡಿಯವರಿಗೆ ಇನ್ನೊಂದು ತೊಡಕಿದೆ: ಹೆಸರಿನದು. ಒಬ್ಬ ತಾಯಿ ಮೇಷ್ಟ್ರ ಬಳಿ ಹೋಗಿ ‘ನನ್ನ ಮಗುವಿಗೆ ಕಡಲೆ ಆಗೋದಿಲ್ಲ ಸಾರ್’ ಎಂದಳು ಎನ್ನೋಣ. ಯಾವ ಕಡಲೆ? ನೆಲದೊಳಗೆ ಬಿಡುವ ಕಡಲೆಕಾಯಿಯೋ, ಹಿಟ್ಟು ಮಾಡಿ ಬೋಂಡಾ ಕರಿಯುವ ಕಡಲೆಯೋ? ತೆಲುಗಿನಲ್ಲಿ ಶೇಂಗಾ ವೇರುಶೆನಗ, ಬರೀ ಶೆನಗ ಎಂದರೆ ನಮ್ಮ ಕಡಲೆ. ತಮಿಳಿನಲ್ಲಿ ನಿಲಕ್ಕಡಲೈ ಒಂದು, ಕಡಲೈಪರುಪ್ಪು ಇನ್ನೊಂದು. ಮರಾಠಿಯ ಭುಯಿಮೂಗ್ ಶೇಂಗಾ, ಬರೀ ಮೂಗ್ ಹೆಸರುಕಾಳು. ಮಲಯಾಳದಲ್ಲಿ ಕಪ್ಪಲಂಡಿ ಎಂದರೆ ಗೊಂದಲವಿಲ್ಲ, ಕಡಲ ಎಂದರೆ ಮತ್ತೆ ಅದೇ ಕಥೆ. ಮನೆಯ ಮಾತು ಕನ್ನಡ, ಅಡುಗೆಯಮ್ಮನ ಮಾತು ಬೇರೆಯಾದರೆ ಅರ್ಧ ಶಬ್ದ ನುಂಗಿದ್ದಕ್ಕೆ ಮಗು ಬೆಲೆ ತೆರಬೇಕಾದೀತು. ಪೊಟ್ಟಣದ ತಿಂಡಿಗಳ ಮೇಲೆ ಶೇಂಗಾ, ಹಾಲು, ಮೊಟ್ಟೆ, ಮೀನು, ಸೋಯಾ ಇದ್ದರೆ ನಮೂದಿಸಬೇಕೆಂದು 2020ರ ಕೇಂದ್ರ ನಿಯಮ ಹೇಳುತ್ತದೆ. ಅದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದಿದ್ದರೂ ನಿಯಮಕ್ಕೆ ಸಾಕು. ಅಂಗಡಿಯ ಬಿಡಿ ಚಿಕ್ಕಿಗೆ ಅದೂ ಇಲ್ಲ.

ಆದ್ದರಿಂದ ಒಂದು ಚೀಟಿ ಬರೆಯಿಸಿ. ಮಗುವಿನ ಹೆಸರು, ಆಗದ ಪದಾರ್ಥ ಎರಡು ಭಾಷೆಯಲ್ಲಿ, ಹಿಂದೆ ಆದ ಲಕ್ಷಣ, ವೈದ್ಯರು ಹೇಳಿದ ಔಷಧ, ತಾಯ್ತಂದೆಯರ ಫೋನು. ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೆ, ಒಂದು ಅಡುಗೆಮನೆಯ ಗೋಡೆಗೆ. ಮಗುವಿನ ಕೊರಳಿಗೆ ಬೇಡ, ಅದಕ್ಕೂ ಮಾನವಿದೆ. ಅಡುಗೆಯಮ್ಮನಿಗೆ ಓದು ಬಾರದಿದ್ದರೆ ಆ ಪದಾರ್ಥವನ್ನೇ ಅಂಗೈಯಲ್ಲಿಟ್ಟು ತೋರಿಸಿ.

ಉಸಿರಾಟಕ್ಕೆ ಕಷ್ಟ, ದನಿ ಕಟ್ಟುವುದು, ಮುಖ ತುಟಿ ಊದುವುದು, ಮೈ ತಣ್ಣಗಾಗಿ ಜೋಲುವುದು, ಇವು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಅವಿಲ್, ಸಿಟ್ರಿಜಿನ್ ಮಾತ್ರೆ ತುರಿಕೆಗೆ ಸರಿ, ಕಟ್ಟುತ್ತಿರುವ ಉಸಿರಿಗಲ್ಲ. ಬೇಕಾದದ್ದು ತೊಡೆಯ ಹೊರಮಗ್ಗುಲ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಹೊರದೇಶದ ಮಕ್ಕಳು ಇಟ್ಟುಕೊಳ್ಳುವ ಪೆನ್ನಿನಂಥ ಸಾಧನ ನಮ್ಮ ಹಳ್ಳಿಯ ಔಷಧದಂಗಡಿಯಲ್ಲಿ ಸಿಗದು, ಬೆಲೆಯೂ ಕೈಗೆಟುಕದು. ಆದರೆ ಅದೇ ಔಷಧದ ಪುಟ್ಟ ಬಾಟಲಿ ಅಗ್ಗ. ಲಸಿಕೆ ಹಾಕುವಾಗ ತೊಂದರೆಯಾದೀತೆಂದು ಆರೋಗ್ಯ ಕೇಂದ್ರಗಳಲ್ಲಿ ಇಟ್ಟಿರುತ್ತಾರೆ. ನಿಮ್ಮ ಹತ್ತಿರದ ಕೇಂದ್ರದಲ್ಲಿ ಇದೆಯೇ, ಶಾಲೆಯ ಹೊತ್ತಿನಲ್ಲಿ ಕೊಡುವವರು ಇರುತ್ತಾರೆಯೇ ಎಂದು ಮೊದಲೇ ಕೇಳಿಡಿ. ಮಗುವನ್ನು ನಡೆಸಿಕೊಂಡು ಹೋಗಬೇಡಿ. ಮಲಗಿಸಿ ಕಾಲು ತುಸು ಎತ್ತರಿಸಿ, ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಿ. 108ಕ್ಕೆ ಕರೆ ಮಾಡಿದಾಗ ಫೋನು ಪಕ್ಕದ ರಾಜ್ಯದ ಟವರನ್ನು ಹಿಡಿದಿದ್ದರೆ ಕರೆ ಅತ್ತಲೇ ಹೋದೀತು. ಆದ್ದರಿಂದ ಬಾಯಿಬಿಟ್ಟ ಕೂಡಲೇ ಊರು, ತಾಲೂಕು, ರಾಜ್ಯ ಮೂರನ್ನೂ ಹೇಳಿ, ಆಮೇಲೆ ಮಗುವಿಗೆ ಏನಾಗಿದೆ ಎಂಬುದನ್ನು ಹೇಳಿ.