ತುಕ್ಕಿಯೂ ತೋಕೆಯೂ

ಪ್ರಾಚೀನ ವಾಣಿಜ್ಯದ ಪಾಠದಲ್ಲಿ ಸೊಲೊಮೋನ ಅರಸನ ಹಡಗುಗಳು ಬಾರದಿರುವುದು ಅಪೂರ್ವ. ಹೀಬ್ರೂ ಬೈಬಲ್ಲಿನ ಅರಸುಗಳ ಮೊದಲನೆಯ ಗ್ರಂಥದ 10ನೆಯ ಅಧ್ಯಾಯವು ಆ ಹಡಗುಗಳು ಮೂರು ವರ್ಷಗಳಿಗೊಮ್ಮೆ ತರುತ್ತಿದ್ದ ವಸ್ತುಗಳನ್ನು ಹೆಸರಿಸುವಾಗ ‘ತುಕ್ಕಿಯೀಮ್’ ಎಂಬ ಪದವನ್ನು ಬಳಸಿದೆ. ‘ಈಮ್’ ಬಹುವಚನ ಪ್ರತ್ಯಯ, ಪ್ರಕೃತಿ ‘ತುಕ್ಕಿ’. ಇದಕ್ಕೆ ನವಿಲೆಂದು ಅರ್ಥ ಹೇಳುವುದು ಹಳೆಯ ಸಂಪ್ರದಾಯ. ಕಾಲ್ಡ್‌ವೆಲ್ಲರು ತಮ್ಮ ದ್ರಾವಿಡ ತೌಲನಿಕ ವ್ಯಾಕರಣದಲ್ಲಿ (ಮೊದಲ ಮುದ್ರಣ 1856) ಇದನ್ನು ತಮಿಳಿನ ‘ತೋಕೈ’ ಶಬ್ದದೊಡನೆ ಸೇರಿಸಿದರು. ಕನ್ನಡದಲ್ಲಿಯೂ ‘ತೋಕೆ’ ಇರುವುದರಿಂದ ನಮ್ಮ ವಿದ್ಯಾರ್ಥಿಗಳು ಸೊಲೊಮೋನನ ನಾವಿಕರನ್ನು ಮಂಗಳೂರಿನವರೆಗೂ ಕರೆತರುತ್ತಾರೆ. ಅಭಿಮಾನಕ್ಕೆ ಹಿತವಾದ ಮಾತೇನೋ ಹೌದು.

ಆದರೆ ಕನ್ನಡದ ತೋಕೆಗೆ, ತೆಲುಗಿನ ತೋಕಕ್ಕೆ ಇರುವಂತೆಯೇ, ಬಾಲವೆಂಬುದೇ ಮುಖ್ಯಾರ್ಥ. ಹಕ್ಕಿಗೆ ನಾವು ನವಿಲೆನ್ನುತ್ತೇವೆ. ತೋಕೈ ಎಂಬುದು ಪಕ್ಷಿಯನ್ನೇ ಸೂಚಿಸುವುದು ತಮಿಳಿನಲ್ಲಿ. ಆದಕಾರಣ ಈ ಪದ ಸಾಕ್ಷ್ಯವೇ ಆಗುವುದಾದರೂ ಅದು ಬೆರಳು ತೋರುವುದು ತಮಿಳುನಾಡಿನ ಕಡೆಗೆ. ಮೇಲಾಗಿ ದೀರ್ಘ ಓಕಾರವು ಹ್ರಸ್ವ ಉಕಾರವಾದದ್ದಕ್ಕೂ ಒಂಟಿ ಕಕಾರ ಇಮ್ಮಡಿಸಿದ್ದಕ್ಕೂ ಕಾರಣ ಹೇಳಬೇಕಾಗುತ್ತದೆ. ಅಮೆರಿಕದ ವಿದ್ವಾಂಸ ಆಲ್‌ಬ್ರೈಟರು ಪದದ ಮೂಲವನ್ನು ಈಜಿಪ್ಟಿನ ಭಾಷೆಯಲ್ಲಿ ಹುಡುಕಿ, ಇದು ಒಂದು ಜಾತಿಯ ಕೋತಿಯೆಂದರು. ಅದೇ ಸಾಲಿನಲ್ಲಿ ಬರುವ ‘ಕೋಫ್’ ಶಬ್ದವು ಸಂಸ್ಕೃತದ ಕಪಿಯನ್ನು ನೆನಪಿಗೆ ತಂದರೂ ಅದಕ್ಕೂ ಈಜಿಪ್ಟಿನಲ್ಲಿ ಸಮೀಪದ ರೂಪವುಂಟು. ಇಂದಿನ ಹೀಬ್ರೂವಿನಲ್ಲಿ ತುಕ್ಕಿಯೆಂದರೆ ಗಿಳಿ! ನವಿಲಿಗೆ ‘ತವ್ವಾಸ್’ ಎನ್ನುವರು. ಇದು ಗ್ರೀಕರ ‘ತಾವೋಸ್’ ಶಬ್ದದ ಬಳಗ. ಷಹಜಹಾನನ ಮಯೂರಸಿಂಹಾಸನಕ್ಕಿದ್ದ ‘ತಖ್ತ್-ಎ-ತಾವೂಸ್’ ಎಂಬ ಹೆಸರಿನಲ್ಲಿಯೂ ಅದೇ ಶಬ್ದವಿದೆ.

ಎಸ್ತೇರಳ ಗ್ರಂಥದ ‘ಕರ್ಪಸ್’ ಇದಕ್ಕಿಂತ ಗಟ್ಟಿಯಾದ ಉದಾಹರಣೆ. ಅದು ಸಂಸ್ಕೃತದ ಕಾರ್ಪಾಸ, ಅಂದರೆ ಹತ್ತಿ. ರೂಪವೂ ಅರ್ಥವೂ ಹೊಂದುತ್ತವೆ. ಕಥೆ ನಡೆಯುವುದು ಪಾರಸಿಕ ಅರಮನೆಯಲ್ಲಾದುದರಿಂದ ಪದವು ಸಾಗಿದ ದಾರಿಯೂ ಊಹೆಗೆ ನಿಲುಕುತ್ತದೆ. ತುಕ್ಕಿಯಲ್ಲಿ ಈ ಮೂರೂ ಒಂದುಗೂಡಿಲ್ಲ.

ಹೀಬ್ರೂವಿಗೂ ನಮ್ಮ ಕರಾವಳಿಗೂ ಸಂಬಂಧ ಹುಡುಕುವವರು ಸೊಲೊಮೋನನ ಕಾಲಕ್ಕೆ ಹೋಗಬೇಕಾಗಿಯೇ ಇಲ್ಲ; ಕ್ರಿ. ಶ. 12ನೆಯ ಶತಮಾನ ಸಾಕು. ಟ್ಯುನೀಸಿಯದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ವೇಳೆಗೆ ಮಂಗಳೂರಿನಲ್ಲಿದ್ದು, ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿ, 1149ರಲ್ಲಿ ಏಡನ್ನಿಗೆ ಮರಳಿದನು. ಅವನ ಕಾಗದಪತ್ರಗಳು ಕೈರೋ ಸಮೀಪದ ಫುಸ್ತಾತಿನ ಯೆಹೂದಿ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಉಳಿದುಬಂದವು. ಅವುಗಳಲ್ಲಿ ಬಹುಪಾಲಿನ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ದಾಸನೊಬ್ಬನ ಹೆಸರು ಅವುಗಳಲ್ಲಿ ಬರುತ್ತದೆ. ಕಾಣುವುದು ಬಕಾರ, ಮಕಾರ, ಕೊನೆಗೊಂದು ಸ್ವರಸೂಚಕ ಅಕ್ಷರ, ಇಷ್ಟೇ. ನಡುವಣ ಸ್ವರವನ್ನಾಗಲಿ ದ್ವಿತ್ವವನ್ನಾಗಲಿ ಬರೆದಿಲ್ಲ. ಈ ಪತ್ರಗಳನ್ನು ಪರಿಶೋಧಿಸಿದ ಗೊಯಿಟೈನರು ಅದನ್ನು ‘ಬಾಮ’ ಎಂದು ಓದಿದ್ದರು. ಅಮಿತಾವ್ ಘೋಷರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ತುಳುನಾಡಿನ ಬೆರ್ಮೆರ ಆರಾಧನೆಯನ್ನೂ ಪರಿಶೀಲಿಸಿ, ಅದು ‘ಬೊಮ್ಮ’ನೆಂದು ವಾದಿಸಿದರು. ಬ್ರಹ್ಮ ಶಬ್ದದ ತದ್ಭವವಾದ ಈ ಹೆಸರು ನಮ್ಮ ಶಾಸನಗಳನ್ನು ಓದುವವರಿಗೆ ನಿತ್ಯಪರಿಚಿತ. ಇಲ್ಲಿ ಊರು ಗೊತ್ತು, ಕಾಲ ಗೊತ್ತು, ಹೆಸರನ್ನು ಬರೆದವರಾರೆಂಬುದೂ ಗೊತ್ತು. ಆದರೂ ಎರಡು ವ್ಯಂಜನಗಳ ನಡುವಣ ಸ್ವರವೊಂದನ್ನು ನಿರ್ಣಯಿಸಲು ಇಷ್ಟೊಂದು ಶ್ರಮ ಬೇಕಾಯಿತು.